ತೂಕಕ್ಕೆ ಹಾಕಿದ ಇಟಲಿಯ ಯುದ್ಧ

2018ರ ಜುಲೈ. ಕುಂದಾಪುರದ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಲೈಬ್ರರಿಯ ಕೆಲಸದಲ್ಲಿ ಸಿಟ್ಟು ಬರುವಂಥದ್ದು ಏನಿರುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಆ ಮಳೆಗಾಲದ ಮೂರು ವಾರ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ ಇರುವುದರಿಂದ ಇಳಿಯುವ ಲಕ್ಷಣವೂ ಇಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಜೋರು ಮಾತು ಕೇಳಿಸಿತು. ಹೊರಗಿನವರಿಗೆ ಪ್ರವೇಶವಿಲ್ಲ ಎಂದು ನಮ್ಮ ಅಟೆಂಡರ್ ಯಾರನ್ನೋ ತಡೆಯುತ್ತಿದ್ದರು. ಹೋಗಿ ನೋಡಿದರೆ ಗುಲಾಬಕ್ಕ. ಉಪ್ಪುಂದದ ಕಡೆಯವರು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಹಳ ವರ್ಷ ಕೂತು ಮಾರಿದವರು. ಅವರ ಹತ್ತಿರ ನಾನು ಎಷ್ಟೋ ಸಲ ಬಂಗುಡೆ ಕೊಂಡಿದ್ದೆ. ವಯಸ್ಸು ಎಪ್ಪತ್ತಾರು, ವ್ಯಾಪಾರ ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಒಳಗೆ ಕರೆದು ಕೂರಿಸಿದೆ.

"ಟೀಚರ್, ನಂಗ್ ಒಂದ್ ಪುಸ್ತಕ ಬೇಕಿತ್. ಇಟ್ಲಿ ಯುದ್ಧದ್ದ್" ಎಂದರು.

"ಯಾರಿಗ್ ಗುಲಾಬಕ್ಕ, ಓದೂಕೆ?"

"ನಂಗ್ ಓದೂಕ್ ಬತ್ತಿಲ್ಲೆ. ತೋರ್ಸೂಕ್ ಬೇಕ್."

ಸೀರೆಯ ಗಂಟಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದರು. ಅದರೊಳಗೆ ನಾಲ್ಕು ಮಡಿಕೆಯ ಇಂಗ್ಲಿಷ್ ಕಾಗದ. ಮಡಿಕೆಗಳಲ್ಲಿ ಹರಿದಿದ್ದರೂ ಓದಲು ಬರುತ್ತಿತ್ತು. ತಿಮ್ಮಪ್ಪ ಎಂಬ ಸ್ಯಾಪರ್ 1943ರ ಡಿಸೆಂಬರಿನಲ್ಲಿ ಇಟಲಿಯ ಯುದ್ಧದಲ್ಲಿ ಮಡಿದ ಸುದ್ದಿ, ಅವರ ಸೈನ್ಯದ ನಂಬರು, ಅವರಿದ್ದ ಕಂಪನಿ ಎಂಬ ತುಕಡಿಯ ಸಂಖ್ಯೆ ಅದರಲ್ಲಿದ್ದವು. ಸ್ಯಾಪರ್ ಎಂದರೆ ಸೈನ್ಯಕ್ಕೆ ರಸ್ತೆ ಮಾಡುವ, ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಸಿಪಾಯಿ. ತಿಮ್ಮಪ್ಪ ಗುಲಾಬಕ್ಕನ ತಂದೆ. ಮುಂಬಯಿಯ ಬಂದರಿನಲ್ಲಿ ಕೂಲಿಯಾಗಿದ್ದವರು ಅಲ್ಲಿಂದಲೇ ಸೈನ್ಯಕ್ಕೆ ಸೇರಿದ್ದರು. ಆಗ ಗುಲಾಬಕ್ಕ ತಾಯಿಯ ಹೊಟ್ಟೆಯಲ್ಲಿದ್ದರು. ತಂದೆಯ ಮುಖವನ್ನೇ ಕಂಡವರಲ್ಲ.

ಅವರ ಊರಿನ ಶಾಲೆಯ ಎದುರು, ಊರಿನಿಂದ ಸೈನ್ಯಕ್ಕೆ ಹೋದವರ ಹೆಸರು ಕೆತ್ತಿಸಿದ ಕಲ್ಲು ನಿಲ್ಲಿಸುವುದೆಂದು ಒಂದು ಸಮಿತಿಯಾಗಿತ್ತು. ಊರವರು ಮಾಸ್ಟ್ರು ಎಂದು ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯರು ಅದರ ಅಧ್ಯಕ್ಷರು. ಗುಲಾಬಕ್ಕ ಕಾಗದ ಹಿಡಿದುಕೊಂಡು ಅವರ ಹತ್ತಿರ ಹೋದಾಗ ನಡೆದದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"'ಇಟ್ಲಿ ಶರಣಾದ್ದ್ ಸಪ್ಟೆಂಬರಗೆ. ಡಿಸೆಂಬರಗೆ ಅಲ್ಲೆಂತ ಯುದ್ಧ? ಈ ಕಾಗ್ದ ಯಾರೋ ಟೈಪ್ ಮಾಡಿ ಕೊಟ್ಟದ್ದ್' ಅಂದ್ರ್. 'ನಿನ್ನಪ್ಪ ಬೊಂಬಾಯಗೆ ಇನ್ನೊಂದ್ ಸಂಸಾರ ಕಟ್ಕಂಡ್ ಕೂತಿದ್ದ, ಊರಿಗೇ ಗೊತ್ತಿತ್' ಅಂದ್ರ್. ಎಲ್ಲರೆದ್ರಿಗೇ ಅಂದ್ರ್ ಟೀಚರ್. ಪುಸ್ತಕದಗೆ ಇದ್ರೆ ತಕಂಡ್ ಬಾ, ಹೆಸ್ರ್ ಹಾಕುವ ಅಂದ್ರ್."

"ನಮ್ಮಬ್ಬಿ ಈ ಮಾತ್ ಕೇಂಡ್ ಕೇಂಡೇ ಸತ್ಲ್" ಎಂದರು. ಅಬ್ಬಿ ಎಂದರೆ ತಾಯಿ.

ಅವರ ಕಣ್ಣಲ್ಲಿ ನೀರಿರಲಿಲ್ಲ. ದವಡೆ ಬಿಗಿದಿತ್ತು. ಕಾಗದದ ನಂಬರುಗಳನ್ನು ಬರೆದುಕೊಂಡು, ಒಂದು ವಾರ ಸಮಯ ಕೊಡಿ ಎಂದೆ. ಕಾಲೇಜಿನ ಲೈಬ್ರರಿಯಲ್ಲಿ ಎರಡನೇ ಮಹಾಯುದ್ಧದ ಪುಸ್ತಕಗಳಿಗೆ ಬರವಿಲ್ಲ, ಮಧ್ಯಾಹ್ನದೊಳಗೆ ಸಿಗುತ್ತದೆ ಎಂದೇ ನನ್ನ ಅಂದಾಜು.

ನಮ್ಮ ಕಪಾಟಿನಲ್ಲಿ ಆ ಯುದ್ಧದ ಮೂವತ್ತನಾಲ್ಕು ಪುಸ್ತಕಗಳಿದ್ದವು. ಇತಿಹಾಸದ ಪುಸ್ತಕ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾವು ಮೊದಲು ನೋಡುವುದು ಹಿಂದಿನ ಪುಟಗಳನ್ನು. ಪದಸೂಚಿ ಸರಿಯಾಗಿದೆಯೇ, ಲೇಖಕ ಯಾವ ದಾಖಲೆ ನೋಡಿ ಬರೆದಿದ್ದಾನೆ, ಬರಹದಲ್ಲಿ ಹೇಳಿದ ಊರುಗಳು ನಕಾಶೆಯಲ್ಲಿ ಇವೆಯೇ. ಮೂವತ್ತನಾಲ್ಕನ್ನೂ ಮೇಜಿನ ಮೇಲೆ ಹರಡಿ ಕೂತೆ. ಎಂಟುನೂರು ಪುಟದ ಒಂದು ಗ್ರಂಥದಲ್ಲಿ ಇಟಲಿಗೆ ಇಪ್ಪತ್ತೆರಡು ಪುಟ. ಅದರಲ್ಲಿ ಭಾರತೀಯರಿಗೆ ಒಂದೇ ಒಂದು ವಾಕ್ಯ, ಅದೂ ಇನ್ನೂ ಆರು ದೇಶದವರ ಹೆಸರಿನ ಜೊತೆ. ಇನ್ನೊಂದರಲ್ಲಿ ನದಿ ದಾಟಿದವರೆಲ್ಲ 'ಬ್ರಿಟಿಷರು'. ಮೂರನೆಯದರಲ್ಲಿ ಸೇನಾಪತಿಗಳ ಜಗಳ ಬಿಟ್ಟರೆ ಬೇರೇನೂ ಇಲ್ಲ. ಕನ್ನಡದಲ್ಲಿದ್ದ ಎರಡೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. 'ಸೆಪ್ಟೆಂಬರ್ 1943: ಇಟಲಿ ಶರಣಾಗತಿ' ಎಂದು ಒಂದು ಸಾಲು, ಮುಂದಿನ ಸಾಲಿಗೆ ಯುದ್ಧ ಫ್ರಾನ್ಸಿನ ನಾರ್ಮಂಡಿಗೆ ಹಾರಿತ್ತು. ಮಾಸ್ಟ್ರ ಜ್ಞಾನದ ಮೂಲ ಎಲ್ಲಿಯದೆಂದು ಆಗ ಗೊತ್ತಾಯಿತು. ಅವರು ಸುಳ್ಳು ಹೇಳಿರಲಿಲ್ಲ, ಒಂದು ಸಾಲು ಓದಿ ನಿಲ್ಲಿಸಿದ್ದರು. ಅದರ ಮೇಲೆ ಒಬ್ಬ ಹೆಂಗಸಿನ ಮರ್ಯಾದೆ ತೆಗೆಯುವಷ್ಟು ಧೈರ್ಯ ಎಲ್ಲಿಂದ ಬಂತೋ.

ಕೊನೆಗೆ ಪರಿಗ್ರಹಣ ದಾಖಲೆ ತೆಗೆದೆ. ಲೈಬ್ರರಿಗೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ದೊಡ್ಡ ರಿಜಿಸ್ಟರ್ ಅದು. ಪುಸ್ತಕ ಹೋದರೂ ಅದರ ಸಾಲು ಹೋಗುವುದಿಲ್ಲ. ಪುಟ ತಿರುಗಿಸುತ್ತ ಹೋದಂತೆ ಸಿಕ್ಕಿತು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರವೇ ಬರೆಸಿದ ಯುದ್ಧ ಇತಿಹಾಸದ ಒಂದು ಸಂಪುಟ, ಇಟಲಿಯ ಕಾರ್ಯಾಚರಣೆಯಲ್ಲಿ ಭಾರತೀಯ ಸೈನ್ಯದ ಪಾತ್ರಕ್ಕೆಂದೇ ಮೀಸಲಾದದ್ದು. ನಿವೃತ್ತ ಸೈನ್ಯಾಧಿಕಾರಿಯೊಬ್ಬರ ಮನೆಯವರ ದಾನ. ಷರಾ ಕಾಲಂನಲ್ಲಿ ಕೆಂಪು ಶಾಯಿ: 'ಬೇಡಿಕೆ ಇಲ್ಲ. ವಿಲೇವಾರಿ.' ಕೆಳಗೆ ಸಹಿ. ಸಹಿ ನನ್ನದು.

ಏಳು ವರ್ಷದ ಹಿಂದಿನ ಮಾತು. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಕಂಪ್ಯೂಟರ್ ಇಡಲು ಜಾಗ ಬೇಕು, ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳ ಪಟ್ಟಿ ಮಾಡಿ ಎಂದು ಪ್ರಾಂಶುಪಾಲರು ಹೇಳಿದರು. ನಾನು ಪಟ್ಟಿ ಮಾಡಿದೆ. ಬ್ರಹ್ಮಾವರದ ಕಡೆಯ ಗುಜರಿಯವನ ಟೆಂಪೊ ಬಂತು, ಎಲ್ಲವನ್ನೂ ತೂಕಕ್ಕೆ ಹಾಕಿದೆವು. ಆ ಸಂಪುಟದ ರಟ್ಟನ್ನು ಕೂಡ ನಾನು ತೆರೆದು ನೋಡಿರಲಿಲ್ಲ. ಅವತ್ತು ಸಮಿತಿಯವರು ಹೊಸ ಕಂಪ್ಯೂಟರ್ ನೋಡಿ ನನ್ನನ್ನು ಹೊಗಳಿ ಹೋಗಿದ್ದರು. ಅದನ್ನು ನೆನೆದು ರಿಜಿಸ್ಟರನ್ನು ಎಷ್ಟು ಜೋರಾಗಿ ಮುಚ್ಚಿದೆನೆಂದರೆ ಓದುತ್ತಿದ್ದ ಹುಡುಗಿಯರೆಲ್ಲ ತಲೆಯೆತ್ತಿದರು.

ಬೇರೆ ಊರಿನ ದೊಡ್ಡ ಲೈಬ್ರರಿಯೊಂದಕ್ಕೆ ಫೋನ್ ಮಾಡಿದೆ. ಪುಸ್ತಕ ಇದೆ, ಸಂಶೋಧಕರಿಗೆ ಮಾತ್ರ, ಮಾರ್ಗದರ್ಶಕರ ಪತ್ರ ಬೇಕು ಎಂದರು. ಬೇಕಾಗಿರುವುದು ಮೀನು ಮಾರುತ್ತಿದ್ದ ಒಬ್ಬ ಹೆಂಗಸಿಗೆ ಎಂದೆ. ಆ ಕಡೆಯವರು ನಕ್ಕು, "ಅವರಿಗೆ ಯಾಕೆ ಮೇಡಂ ಇದೆಲ್ಲ?" ಎಂದರು. ಉತ್ತರ ಕೊಡದೆ ಫೋನ್ ಇಟ್ಟೆ. ಕೊಟ್ಟಿದ್ದರೆ ಬೈಗುಳವೇ ಆಗುತ್ತಿತ್ತು.

ಆಮೇಲೆ ನೆನಪಾದವರು ಬಾರ್ಕೂರಿನ ಉಡುಪರು. ಬ್ರಹ್ಮಾವರದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಶನಿವಾರ ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ವಿಷಯ ಹೇಳಿದ್ದೇ ತಡ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಆ ಪುಸ್ತಕ ನಿಮ್ಮಲ್ಲೇ ಇತ್ತಲ್ಲೆ! ರಜೆಯಲ್ ಬಂದ್ ಅಲ್ಲೇ ಕೂತ್ಕಂಡ್ ಓದಿದ್ದೆ ನಾನ್."

"ಬೇಡಿಕೆ ಇಲ್ಲ ಅಂತ ವಿಲೇವಾರಿ ಮಾಡಿದೆ ಸಾರ್" ಎಂದೆ.

"ಮನೆಗ್ ತಕಂಡ್ ಹೋಯಿಲ್ಲೆ, ಅದಕ್ಕೆ ನಿಮ್ ಚೀಟಿಯಲ್ ಬೀಳ್ಲಿಲ್ಲ. ಕೂತ್ ಓದಿದವ್ರ್ ಲೆಕ್ಕಕ್ಕಿಲ್ಯಾ ನಿಮ್ಗೆ?"

ಅವರು ಒಳಗೆ ಹೋಗಿ ದಪ್ಪ ರಟ್ಟಿನ ಒಂದು ಕಟ್ಟು ತಂದು ಮುಂದಿಟ್ಟರು. ಓದಿದ ಕಾಲದಲ್ಲಿ ನಮ್ಮ ಕಾಲೇಜಿನ ಆಫೀಸಿನಲ್ಲೇ ಪೂರ್ತಿ ಜೆರಾಕ್ಸ್ ಮಾಡಿಸಿ ಹೊಲಿಸಿಟ್ಟಿದ್ದರು. ಮೊದಲ ಪುಟದಲ್ಲಿ ನಮ್ಮ ಲೈಬ್ರರಿಯ ಮೊಹರು ಕಪ್ಪಗೆ ಮೂಡಿತ್ತು.

ಅವತ್ತು ಸಂಜೆಯವರೆಗೆ ಉಡುಪರು ನನಗೆ ಪಾಠ ಮಾಡಿದರು. 1943ರ ಸೆಪ್ಟೆಂಬರಿನಲ್ಲಿ ಶರಣಾದದ್ದು ಇಟಲಿಯ ಸರ್ಕಾರ. ಆ ದೇಶದೊಳಗೆ ಕೂತಿದ್ದ ಜರ್ಮನ್ ಸೈನ್ಯ ಶರಣಾಗಲಿಲ್ಲ. ಬೆಟ್ಟ ಬೆಟ್ಟಕ್ಕೂ, ನದಿ ನದಿಗೂ ತಡೆಯೊಡ್ಡಿ 1945ರ ಮೇ ತಿಂಗಳವರೆಗೆ ಹೋರಾಡಿತು. ಆ ನದಿಗಳಲ್ಲಿ ಒಂದರ ಹೆಸರು ಮೋರೊ. ಡಿಸೆಂಬರಿನ ಮಳೆ, ಮೊಣಕಾಲು ಹುಗಿಯುವ ಕೆಸರು. ಈಚೆ ದಡದ ದಾರಿಯ ತಿರುವು ಇಕ್ಕಟ್ಟಾಗಿದ್ದರಿಂದ ಇಲ್ಲಿಂದ ಸೇತುವೆ ಚಾಚಲು ಸಾಧ್ಯವೇ ಇರಲಿಲ್ಲ. ಭಾರತೀಯ ಸ್ಯಾಪರುಗಳು ಸಾಮಾನುಗಳನ್ನು ನದಿ ದಾಟಿಸಿ, ಶತ್ರುವಿನ ದಡದಿಂದ ಈಚೆಗೆ ಹಿಮ್ಮುಖವಾಗಿ ಸೇತುವೆ ಕಟ್ಟಿದರು. ಸೈನ್ಯ ಅದಕ್ಕೆ ಇಟ್ಟ ಹೆಸರೇ ಅಸಾಧ್ಯ ಸೇತುವೆ. ತಿಮ್ಮಪ್ಪನವರ ಕಾಗದದಲ್ಲಿದ್ದ ಕಂಪನಿಯ ಸಂಖ್ಯೆಯೂ ಆ ವಾರಗಳ ವಿವರಣೆಯಲ್ಲಿತ್ತು. ಅವರು ಸತ್ತದ್ದು ಅದೇ ಸೇತುವೆಯ ಮೇಲೋ ಅಲ್ಲವೋ ಹೇಳಲು ಬರುವುದಿಲ್ಲ ಎಂದು ಉಡುಪರು ಎಚ್ಚರಿಸಿದರು.

ಪುಸ್ತಕದಲ್ಲಿ ಅಧಿಕಾರಿಗಳ ಹೆಸರಿತ್ತು, ಪದಕ ಪಡೆದವರ ಹೆಸರಿತ್ತು. ಸ್ಯಾಪರ್ ತಿಮ್ಮಪ್ಪನ ಹೆಸರಿರಲಿಲ್ಲ. ನಮ್ಮವರೇ ಬರೆದ ನಮ್ಮವರ ಇತಿಹಾಸದಲ್ಲೂ ಸೇತುವೆಯ ಕಬ್ಬಿಣ ಹೊತ್ತವನಿಗೆ ಕಂಪನಿಯ ಒಂದು ನಂಬರು ಮಾತ್ರ. ನನ್ನ ಮುಖ ನೋಡಿ ಉಡುಪರೇ ದಾರಿ ಹೇಳಿದರು. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ, ಅದರ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು.

ಸೋಮವಾರ ಇಡೀ ಬೆಳಿಗ್ಗೆ ಹುಡುಕಿದೆ. ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಕೆಡಿಸಬಹುದೋ ಅಷ್ಟು ಬಗೆಯಲ್ಲಿ ಬರೆದು ನೋಡಿದೆ. ಹತ್ತೊಂಬತ್ತನೆಯದಕ್ಕೆ ಬಂತು. 'ತಿಮಾಪಾ'. ಸೈನ್ಯದ ನಂಬರು ಕಾಗದದಲ್ಲಿದ್ದದ್ದೇ. ಗುಲಾಬಕ್ಕನನ್ನು ಫೋನ್ ಮಾಡಿ ಕರೆಸಿ ಪರದೆಯ ಮುಂದೆ ಕೂರಿಸಿ ಓದಿ ಹೇಳಿದೆ. ಆಗಿನ ದಕ್ಷಿಣ ಕನ್ನಡ ಜಿಲ್ಲೆ, ಉಪ್ಪುಂದ. ಮಂಜನ ಮಗ. ಮೂಕಾಂಬುವಿನ ಗಂಡ.

"ಅಬ್ಬಿ ಹೆಸ್ರ್ ಅಲ್ ಬರ್ದಿದ್ರಾ?"

"ಬರ್ದಿದ್ರ್ ಗುಲಾಬಕ್ಕ. ಸೇರುವಾಗ ಅವರೇ ಹೇಳಿ ಬರೆಸಿದ್ದ್ ಇರ್ಕ್."

ಇಷ್ಟು ದಿನ ಬಿಗಿದಿದ್ದ ದವಡೆ ಆಗ ಸಡಿಲವಾಯಿತು. ಪರದೆಯ ಮೇಲಿನ ಆ ಸಾಲನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಕೇಳಿದರು: "ಸುಟ್ಟದ್ದಾ, ಹುಗ್ದದ್ದಾ?"

ಅದೂ ಅಲ್ಲಿತ್ತು. ಸಾಂಗ್ರೊ ಎಂಬ ಇನ್ನೊಂದು ನದಿಯ ಹತ್ತಿರದ ಸ್ಮಾರಕದಲ್ಲಿ, ತಮ್ಮ ಧರ್ಮದಂತೆ ದಹನ ಮಾಡಿದ ಐನೂರಕ್ಕೂ ಹೆಚ್ಚು ಭಾರತೀಯರ ಹೆಸರುಗಳ ಜೊತೆ ಇವರದೂ ಇತ್ತು. ಸುಟ್ಟಿದ್ದಾರೆ, ನಮ್ಮ ಕ್ರಮದಲ್ಲೇ ಮಾಡಿದ್ದಾರೆ ಎಂದೆ. ಎಪ್ಪತ್ತಾರು ವರ್ಷದ ಆ ಹೆಂಗಸು ಮಗುವಿನ ಹಾಗೆ ಅತ್ತರು. ಆಮೇಲೆ ಮುಖ ಒರೆಸಿಕೊಂಡು, "ಆಯಿತ್ವಾರ ಸಮಿತಿ ಸೇರತ್ತ್. ನೀವ್ ಬರ್ಕ್" ಎಂದರು.

ಭಾನುವಾರ ಶಾಲೆಯ ಕೋಣೆಯಲ್ಲಿ ಮಾಸ್ಟ್ರು ಮತ್ತು ನಾಲ್ಕು ಮಂದಿ ಸದಸ್ಯರು ಕೂತಿದ್ದರು. ನಾನು ಉಡುಪರಿಂದ ಕೇಳಿ ತಂದಿದ್ದ ಜೆರಾಕ್ಸ್ ಕಟ್ಟು ಬಿಡಿಸಿ ನಕಾಶೆ ತೋರಿಸಿದೆ. ಸಂಬಂಧಪಟ್ಟ ಎರಡು ಪುಟಗಳನ್ನು ಕನ್ನಡದಲ್ಲಿ ಹೇಳಿದೆ. ಮಾಸ್ಟ್ರು ಕನ್ನಡಕ ಏರಿಸಿ, "ಇದ್ರಗ್ ತಿಮ್ಮಪ್ಪನ ಹೆಸ್ರ್ ಎಲ್ಲಿತ್?" ಎಂದರು. ವೆಬ್‌ಸೈಟಿನ ದಾಖಲೆಯ ಪ್ರತಿ ಕೊಟ್ಟೆ. ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. ಹಿಂಬದಿ ಖಾಲಿ ಇತ್ತು.

"ಸರಿ, ಹೆಸ್ರ್ ಹಾಕುವ. ಕೊನಿಯಂಗೆ ಜಾಗ ಇತ್" ಎಂದು ಕಾಗದ ಮಡಚಲು ಹೊರಟರು.

ಗುಲಾಬಕ್ಕ ಎದ್ದು ನಿಂತರು. "ಹೆಸ್ರ್ ಹಾಕೂದ್ ಆಮೇಲೆ ಮಾಸ್ಟ್ರೇ. ನಮ್ಮಬ್ಬಿ ಕೇಂಡ್ ಕೇಂಡ್ ಸತ್ತ ಆ ಮಾತ್ ಮೊದ್ಲ್ ವಾಪಾಸ್ ತಕಣಿ."

ಸದಸ್ಯರೊಬ್ಬರು ಕಿಟಕಿಯ ಕಡೆ ತಿರುಗಿದರು. ಮಾಸ್ಟ್ರು ಕಾಗದವನ್ನು ಕೆಳಗಿಟ್ಟು, "ನಂಗ್ ಗೊತ್ತಿರ್ಲಿಲ್ಲೆ ಮಾರಾಯ್ತಿ. ಊರವ್ರ್ ಹೇಳದ್ದನ್ನೇ ಹೇಳ್ದೆ" ಎಂದರು.

"ಗೊತ್ತಿಲ್ದಿರೆ ಸುಮ್ಮನ್ ಇರ್ಕಿತ್. ನೀವ್ ಕಲ್ಸೂ ಮಾಸ್ಟ್ರ್ ಅಲ್ದಾ?"

ಅವರು ತಲೆ ತಗ್ಗಿಸಿದರು. ತಪ್ಪಾಯಿತು ಎಂಬ ಮಾತು ಬಂತು, ಬಹಳ ಸಣ್ಣ ದನಿಯಲ್ಲಿ. ಗುಲಾಬಕ್ಕ ಬಾಗಿಲು, ಕಿಟಕಿ ಎಲ್ಲ ನೋಡಿ, "ಅವತ್ ಹೇಳದ್ ಎಲ್ಲರಿಗೂ ಕೇಂಡಿತ್. ಇವತ್ತಿಂದೂ ಕೇಣ್ಲಿ" ಎಂದರು. ಮಾಸ್ಟ್ರು ಇನ್ನೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ಆ ಕಲ್ಲು ಈಗ ನಿಂತಿದೆ. ತಿಮ್ಮಪ್ಪ, ಇಟಲಿ, 1943 ಎಂದು ಸರಿಯಾಗಿಯೇ ಕೆತ್ತಿದ್ದಾರೆ. ಉಡುಪರ ಅನುಮತಿ ಪಡೆದು ಆ ಕಟ್ಟಿನ ಇನ್ನೊಂದು ಪ್ರತಿ ಮಾಡಿಸಿ ನಮ್ಮ ಲೈಬ್ರರಿಗೆ ಸೇರಿಸಿದೆ. ಜೆರಾಕ್ಸಿಗೆಲ್ಲ ಕ್ರಮಸಂಖ್ಯೆ ಯಾಕೆ ಎಂದು ಪ್ರಾಂಶುಪಾಲರು ಕೇಳಿದರು. ಮೂಲವನ್ನು ನಾವೇ ಹಾಳು ಮಾಡಿದ್ದೇವೆ, ಅದಕ್ಕೆ ಎಂದೆ.

ನಿವೃತ್ತಿಗೆ ಮೊದಲು ಇನ್ನೊಂದು ವಿಲೇವಾರಿ ಪಟ್ಟಿ ಮಾಡುವ ಆದೇಶ ಬಂತು. ಈ ಸಲ ಒಂದೊಂದೇ ಪುಸ್ತಕ ತೆರೆದು, ಒಳಗೇನಿದೆಯೆಂದು ಓದಿ ಪಟ್ಟಿ ಮಾಡಿದೆ. ನಾಲ್ಕು ದಿನದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು, ನಿಧಾನವೆಂದು ನೋಟಿಸೂ ಬಂತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿಯಬೇಕಾಗಿದ್ದ ಪಾಠವನ್ನು ನಾನು ಕಲಿತದ್ದು ಹೊರಟು ಹೋಗುವ ಹೊತ್ತಿಗೆ. ಯಾರೂ ಕೇಳಿಲ್ಲ ಎಂದರೆ ಯಾರಿಗೂ ಬೇಡ ಎಂದಲ್ಲ. ಬೇಕಾದವರು ಓದಲು ಬಾರದೆ, ಬಾಗಿಲಲ್ಲೇ ತಡೆಸಿಕೊಂಡು, ತಮಗೆ ಬೇಕಾದದ್ದು ನಮ್ಮ ಕಪಾಟಿನಲ್ಲಿದೆ ಎಂಬುದೇ ತಿಳಿಯದೆ ಮಾರ್ಕೆಟ್ಟಿನಲ್ಲಿ ಕೂತಿರಬಹುದು. ಅವರು ಬರುವವರೆಗೆ ಪುಸ್ತಕವನ್ನು ಕಾದಿಡುವುದಕ್ಕೇ ನಮಗೆ ಸಂಬಳ.