ಕಡಲಿನ ಬಾಣಂತಿ

ನಮ್ಮ ಗವಿಪುರದ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂದರೆ ಒರಳಿಗೆ ರಜ. ಅಕ್ಕಪಕ್ಕದವರೂ ಖಾರ ಕುಟ್ಟುತ್ತಿರಲಿಲ್ಲ. ಸೊಪ್ಪಿನವಳು ನಮ್ಮ ಬಾಗಿಲು ದಾಟಿದ ಮೇಲೇ ಕೂಗು ಹಾಕುತ್ತಿದ್ದಳು. ಸದ್ದಿಗೆ ಕೂಸು ಬೆಚ್ಚುತ್ತೆ, ತಾಯಿಗೆ ಹಾಲು ಬತ್ತುತ್ತೆ ಅನ್ನೋದು ಅಮ್ಮನ ನಂಬಿಕೆ.

ನನ್ನ ಮಗಳು ಪಡುವಣ ಕಡಲಿನಲ್ಲಿ ತಿಮಿಂಗಿಲಗಳ ದನಿ ಹಿಡಿಯುವ ಕೆಲಸಕ್ಕೆ ಸೇರಿದಳು. ಅದು ಮೀನಲ್ಲ ಅಜ್ಜಿ, ಮರಿಗೆ ಹಾಲೂಡಿಸುತ್ತೆ ಅಂತ ಅವಳು ತಿಳಿಸಿದ್ದೇ ತಡ, ಅಮ್ಮ ಅದನ್ನು ನೆಂಟಸ್ತಿಕೆಗೆ ಸೇರಿಸಿಕೊಂಡಳು. ಬಾಲದ ಅಂಚು ಹರಿದ ಹೆಣ್ಣೊಂದನ್ನು ಮಗಳ ತಂಡದವರು ಗುರುತಿಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಅದರ ಜೊತೆ ಮರಿ ಕಂಡಿತು ಅಂತ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಪಾಯಸ. ಆಮೇಲೆ ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆಯೇ ಬಾಣಂತಿ ಹೇಗಿದಾಳೆ ಅಂತ. "ಸಬ್ಬಸಿಗೆ ಸೊಪ್ಪು ತಿನ್ನಿಸೇ, ಹಾಲು ಬರುತ್ತೆ" ಅಂತ ಒಮ್ಮೆ ಅಂದು ತಾನೇ ನಕ್ಕಿದ್ದಳು.

ಮಗಳು ಮಾತ್ರ ಬರಬರುತ್ತಾ ನಗುವುದು ಬಿಟ್ಟಳು. ಅವು ಬದುಕೋದೇ ಕಿವಿಯಿಂದಂತೆ. ಮಬ್ಬು ನೀರಿನಲ್ಲಿ ತಾಯಿ ಮರಿ ಜೊತೆಗಿರುವುದು ಮೆಲ್ಲಗಿನ ಗುಟುರಿನಿಂದ. ಹಡಗುಗಳು ಒಂದರ ಹಿಂದೊಂದು ಹಾದರೆ ಆ ಗುಟುರು ಮುಳುಗಿಹೋಗುತ್ತದೆ; ತಾಯಿ ಮೇವು ಬಿಟ್ಟು ದೂರ ಸರಿಯುತ್ತದೆ. ಹೊಟ್ಟೆ ತುಂಬದವಳಿಗೆ ಹಾಲೆಲ್ಲಿ? ಬಡಕಲಾದ ಮೈಯಲ್ಲಿ ಮುಂದಿನ ಬಸಿರೂ ನಿಲ್ಲದೆ, ಇರುವ ಸಂತತಿಯೇ ಕರಗುತ್ತಾ ಹೋಗುತ್ತದೆ ಅಂದಿದ್ದಳು.

ಸಂಕ್ರಾಂತಿಗೆ ಬಂದವಳು ಎಳ್ಳುಬೆಲ್ಲ ಮುಟ್ಟಲಿಲ್ಲ. ಅಜ್ಜಿಯ ಪಕ್ಕ ಕೂತು ಮೊಬೈಲನ್ನು ಅವಳ ಕಿವಿಗಿಟ್ಟಳು. ನನಗೂ ಕೇಳಿಸಿತು. ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ, ಬಿಡುವಿಲ್ಲದ ಮೊರೆತ.

"ಇದ್ರಲ್ಲಿ ಕೂಸೆಲ್ಲಿದೆಯೇ?"

"ಇದು ಹಡಗು, ಅಜ್ಜಿ. ಇದರಡಿ ಎಲ್ಲೋ ತಾಯಿ ಕರೀತಿದೆ. ಮರಿ ಇಲ್ಲ. ಅದೊಂದೇ ಓಡಾಡ್ತಿದೆ, ಮೂಳೆ ಕಾಣ್ತಿದೆ."

ಸದ್ದೇ ಕೊಂದಿತಾ ಅಂತ ನಾನು ಕೇಳಿದೆ. ಅಷ್ಟು ಖಂಡಿತವಾಗಿ ಹೇಳೋಕಾಗಲ್ಲ ಅಂತ ತಲೆ ತಗ್ಗಿಸಿದಳು. ಅಮ್ಮ ಮೊಬೈಲನ್ನು ಕಿವಿಯಿಂದ ತೆಗೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ತರಕಾರಿ ಗಾಡಿ ಬಂತು. ಈಗಿನ ಗಾಡಿಗಳಿಗೆ ಮೈಕು. ಅದೇ ಕೂಗು, ಮತ್ತೆ ಮತ್ತೆ. ಅಮ್ಮ ಗೇಟಿನ ತನಕ ನಡೆದುಹೋಗಿ, ಸ್ವಲ್ಪ ನಿಲ್ಲಿಸಪ್ಪ ಅಂದಳು. ಅವನು ಆರಿಸಿದ.

"ಮನೇಲಿ ಬಾಣಂತಿ ಇದಾರಾ ಅಜ್ಜಿ?"

"ಇದಾಳಪ್ಪ. ಕೂಸು ಉಳೀಲಿಲ್ಲ."

ಅವನು ಮೈಕು ಹಾಕದೆ, ಬೀದಿಯ ತಿರುವಿನ ತನಕ ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಹೋದ.