ಶಿವಲಿಂಗಯ್ಯ ಮೈಕ್ ಹಿಡಿದಾಗ

ಗೆಳೆಯರೇ, ಊರು ಮರೆತಿದ್ದ ಕೆಂಪು ಬಾವುಟದ ಹೋರಾಟಗಾರ್ತಿ, ದಿವಂಗತ ಚಿಕ್ಕತಾಯಮ್ಮನ ಜೀವನಚರಿತ್ರೆ ಇಂದು ರಾಮನಗರದಲ್ಲಿ ಬಿಡುಗಡೆಯಾಯಿತು. ಗಲಾಟೆ ಆಗಲಿಲ್ಲ. ಆಗಬಹುದು ಎಂದು ಬೆಳಿಗ್ಗೆ ತಿಳಿಸಿದ್ದವರು ಪ್ರಕಾಶಕರು. ಆಕೆಯ ಅಣ್ಣನ ಮಗ ಶಿವಲಿಂಗಯ್ಯ ಪ್ರಕಾಶಕರಿಗೆ ಫೋನ್ ಮಾಡಿ, "ಪುಸ್ತಕ ಓದ್ದೆ. ಸಭೇಲೇ ಮಾತಾಡ್ತೀನಿ" ಎಂದಿದ್ದರಂತೆ.

ಚಿಕ್ಕತಾಯಮ್ಮ ಮತ್ತು ರೇಷ್ಮೆ ನೂಲು ತೆಗೆಯುತ್ತಿದ್ದ ಜೈನಾಬಿ ಪರಸ್ಪರ ಪ್ರೀತಿಸಿ, ನಲವತ್ತು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದರು ಎಂದು ನಾನು ಈ ಪುಸ್ತಕದಲ್ಲಿ ಬರೆದಿದ್ದೆ. ಬರೆಯುವಾಗ ಇದ್ದ ಧೈರ್ಯ ಆಹ್ವಾನ ಪತ್ರಿಕೆ ಮಾಡುವಾಗ ಇರಲಿಲ್ಲ. 'ಕುಟುಂಬದವರಿಗೆ ಸನ್ಮಾನ' ಎಂಬಲ್ಲಿ ಶಿವಲಿಂಗಯ್ಯನವರ ಹೆಸರು ಹಾಕಿಸಿದ್ದೆ. ಜೈನಾಬಿ ಮೂರನೇ ಸಾಲಿನಲ್ಲಿ ಕುಳಿತಿದ್ದರು.

ಶಾಲು ಹೊದಿಸಲು ಹೋದರೆ ಶಿವಲಿಂಗಯ್ಯ ಅದನ್ನು ಕೈಗೆ ತೆಗೆದುಕೊಂಡು ಮೈಕಿನ ಮುಂದೆ ನಿಂತರು.

"ಎಮರ್ಜೆನ್ಸೀಲಿ ನಮ್ಮತ್ತೆ ಜೈಲಿಗೋದಾಗ ನಮ್ಮನೇರು ಯಾರೂ ತಿರುಗಿ ನೋಡ್ನಿಲ್ಲ. ಬುತ್ತಿ ಹೊತ್ಕಂಡು ಹೋಗಿದ್ದು ಈ ಜೈನಮ್ಮ. ನೀವು ಬರ್ದಿರೋದು ದಿಟ ಕಣ್ರೀ. ದಿಟ ಬರ್ದ್ಬುಟ್ಟು ಶಾಲು ನನಗ್ಯಾಕ್ ಹಾಕ್ತೀರಿ ಸಾರ್?"

ಅವರು ಕೆಳಗಿಳಿದು ಜೈನಾಬಿಗೆ ಶಾಲು ಹೊದಿಸಲು ಹೋದರು. ಆಕೆ ಕೈ ಅಡ್ಡ ಹಿಡಿದರು.

"ಒಸಿ ತಡಿಯಪ್ಪಾ, ಸೆಕೆ ಐತೆ. ಮೊದ್ಲು ಆ ಪುಸ್ತಕ ಕೊಡು. ಅವಳ ಫೋಟೊ ಚೆನ್ನಾಗ್ ಬಂದೈತಾ ನೋಡ್ಬೇಕು."

ಎರಡನೇ ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಚನ್ನಪಟ್ಟಣದಲ್ಲಿ. ಕುಟುಂಬದ ಪರವಾಗಿ ಜೈನಾಬಿ ವೇದಿಕೆಯಲ್ಲಿರುತ್ತಾರೆ.