ಹಾಸನದ ಸರ್ಕಲ್ಲಿನಲ್ಲಿ ಬಾಯಿ ಮುಚ್ಚಿ ಕೂತದ್ದು

ನನ್ನ ಮಗನ ಮಗಳು ಕಾವ್ಯ ಇವತ್ತು ಹಾಸನ ಪೇಟೆಯೊಳಗೆ ತಾನೇ ಕಾರು ಓಡಿಸಿದಳು! ಲೈಸೆನ್ಸ್ ಬಂದ ಮೇಲೆ ಇದೇ ಮೊದಲು. ಚನ್ನರಾಯಪಟ್ಟಣದಿಂದ ನನ್ನ ಮಗಳ ಮನೆಗೆ ಹೊರಟಿದ್ದೆವು.

ಹೈವೇ ಮುಗಿಯುವವರೆಗೂ ಇಬ್ಬರೂ ನಗುನಗುತ್ತಲೇ ಬಂದೆವು. ಬಸ್‌ಸ್ಟ್ಯಾಂಡ್ ಹತ್ತಿರದ ಸರ್ಕಲ್ಲಿನಲ್ಲಿ ಬಸ್ಸು, ಆಟೋ, ಬೈಕುಗಳೆಲ್ಲ ಮುತ್ತಿಕೊಂಡವು. ಅವಳಿಗೆ ಸಹಾಯವಾಗಲಿ ಎಂದು ಕಿಟಕಿಯಿಂದ ಕೈ ಚಾಚಿ, ಹಿಂದಿನ ಆಟೋದವನಿಗೆ ನಿಲ್ಲುವಂತೆ ಸನ್ನೆ ಮಾಡಿದೆ. ಎತ್ತಿನ ಗಾಡಿಯಲ್ಲಿ ಹಾಗೇ ಮಾಡುತ್ತಿದ್ದೆವಲ್ಲ.

“ಅಜ್ಜಿ, ಕೈ ಒಳಿಕ್ ತಕೊ! ಬಸ್ಸು ಉಜ್ಕೊಂಡ್ ಓದ್ರೆ ಏನ್ ಗತಿ?”

“ನಿಂಗೆ ಅನುಕೂಲ ಆಗ್ಲಿ ಅಂತ ಕಣವ್ವ.”

“ಈ ಸರ್ಕಲ್ ದಾಟಾಗಂಟ ಮಾತಾಡಿಸ್‌ಬ್ಯಾಡ ಕಣಜ್ಜಿ, ಗಮನ ತಪ್ತದೆ.”

ಕೈ ಒಳಗೆ ಎಳೆದುಕೊಂಡು ಕೂತೆ. ಅಷ್ಟು ಜನರ ನಡುವೆ ನಾನೊಬ್ಬಳೇ ಅನ್ನಿಸಿತು. ಎದೆ ತುಂಬ ಹಿಗ್ಗು, ಹೇಳಿಕೊಳ್ಳಲು ಯಾರೂ ಇಲ್ಲ. ಪಕ್ಕದ ಬಸ್ಸಿನ ಕಿಟಕಿಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಕಂಡಳು. ಕಾವ್ಯಳನ್ನು ತೋರಿಸಿ ನನ್ನ ಎದೆ ಮುಟ್ಟಿಕೊಂಡೆ. ಆಕೆ ಇತ್ತ ತಿರುಗುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಹಿಂದಿನವರು ಹಾರನ್ ಬಡಿದರೂ ಕಾವ್ಯ ಅವಸರ ಮಾಡಲಿಲ್ಲ. ನಡೆದು ಹೋಗುವವರೆಲ್ಲ ರಸ್ತೆ ದಾಟುವವರೆಗೆ ಕಾದು, ಆಮೇಲೆ ಮೆಲ್ಲಗೆ ಕಾರು ದಾಟಿಸಿದಳು.

ಸಂಜೆ ಮಗಳ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು.

“ಪ್ಯಾಟೇಲಿ ಎದ್ರಿಕೆ ಆಯ್ತೇನವ್ವಾ?” ಅಳಿಯ ಕೇಳಿದರು.

“ಇಲ್ಲ ಮಾವ,” ಎಂದಳು ಕಾವ್ಯ. ಕಾರಿನ ಕೀಲಿಯನ್ನು ಇನ್ನೂ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಮುದ್ದೆ ಮುರಿಯುತ್ತಿದ್ದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.